38 ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹಾಕಲು ಬಿಟ್ಟರೆ 20 ಅರ್ಧಕ್ಕೇ ನಿಂತಿವೆ, ಯಾರಾದರೂ ದಾರಿ ಹೇಳಿ

ತೊಗರಿ ಕಣಜ (ಕಲಬುರಗಿ) – ಭಾನುವಾರ ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಖಾಸಗಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ನಮ್ಮಲ್ಲಿ ಮಾತ್ರ ಇವತ್ತು ನಾಳೆ ಅನ್ನುತ್ತಾ ಹಾಗೇ ಉಳಿದಿತ್ತು. ಈಗ ಅಂತೂ ಒಪ್ಪಿಗೆ ಸಿಕ್ಕಿದೆ. ಸರ್ವರಿನಲ್ಲಿ ಡಬ್ಲ್ಯೂಡಿಎಸ್ ಮತ್ತು ಎಂಡಿಟಿ (ನೆಟ್‌ವರ್ಕಿನಿಂದಲೇ ಬೂಟ್ ಮಾಡಿಸಿ ವಿಂಡೋಸ್ ಹಾಕಿಸುವ ಮೈಕ್ರೋಸಾಫ್ಟ್ ಸಾಧನಗಳು) ಇದೆ, ಹಿಂದೆ ಗುತ್ತಿಗೆಯಲ್ಲಿದ್ದವರು ಹಾಕಿಕೊಟ್ಟದ್ದು. ನಾನು ಅದರಲ್ಲಿ ಇಮೇಜ್ (ಎಲ್ಲಕ್ಕೂ ಇಳಿಯುವ ವಿಂಡೋಸಿನ ಸಿದ್ಧ ಪ್ರತಿ) ಬದಲಿಸಿದೆ, ಡ್ರೈವರ್ ಸೇರಿಸಿದೆ, ಅಷ್ಟೇ.

ಶುಕ್ರವಾರ ನನ್ನ ಕ್ಯಾಬಿನ್ನಿನ ಒಂದು ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದೆ. ಮೊದಲಿಂದ ಕೊನೆಯವರೆಗೆ ಎಲ್ಲೂ ನಿಲ್ಲಲಿಲ್ಲ. ಆ ಧೈರ್ಯದ ಮೇಲೆ ನಿನ್ನೆ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಉಳಿದ ಕಂಪ್ಯೂಟರ್‌ಗಳನ್ನೆಲ್ಲ ನೆಟ್‌ವರ್ಕಿನಿಂದ ಬೂಟ್ ಮಾಡಿ, ಇಮೇಜ್ ಇಳಿಯಲು ಶುರುವಾದದ್ದನ್ನು ನೋಡಿಯೇ ಹೊರಟೆ. ಬೆಳಿಗ್ಗೆ ಬಂದು ನೋಡಿದರೆ ಪರೀಕ್ಷೆಯದೂ ಸೇರಿ 18ರಲ್ಲಿ ಯಶಸ್ವಿ ಎಂಬ ಬಿಳಿ ಪೆಟ್ಟಿಗೆ ಬಂದಿದೆ. 20 ಮಾತ್ರ ಲಾಗಿನ್ ಪರದೆಯಲ್ಲಿ ನಿಂತುಬಿಟ್ಟಿವೆ. ಕೆಂಪು ಅಕ್ಷರ ಇಲ್ಲ, ಎರರ್ ನಂಬರ್ ಇಲ್ಲ. ಎರಡನ್ನು ಮತ್ತೆ ಮೊದಲಿಂದ ಓಡಿಸಿ ನೋಡಿದೆ, ಸರಿಯಾಗಿ ಅದೇ ಜಾಗಕ್ಕೆ ಬಂದು ನಿಂತವು. ಇಮೇಜ್ ಒಂದೇ, ಟಾಸ್ಕ್ ಸೀಕ್ವೆನ್ಸ್ (ಎಂಡಿಟಿ ಸಾಲಾಗಿ ನಡೆಸುವ ಹೆಜ್ಜೆಗಳ ಪಟ್ಟಿ) ಒಂದೇ, ಕಂಪ್ಯೂಟರ್‌ಗಳೂ ಬಹುತೇಕ ಒಂದೇ ಮಾಡೆಲ್. ನಾಳೆ ಬೆಳಿಗ್ಗೆ 10ಕ್ಕೆ ಕೌಂಟರ್ ತೆರೆಯಬೇಕು. ದಯವಿಟ್ಟು ಗೊತ್ತಿದ್ದವರು ಹೇಳಿ.

ಬಿದರಿ ಹೂಜಿ (ಬೀದರ್) – 8:32

ಅಣ್ಣಾ, ಮೊದಲು ಸ್ವಿಚ್ ನೋಡಿ. ನನಗೆ ಹೀಗೇ ಆಗಿತ್ತು. ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಿನಲ್ಲಿ ಸುತ್ತು ಬೀಳದಂತೆ ಕಾಯುವ ವ್ಯವಸ್ಥೆ) ಓಡುತ್ತಿದ್ದರೆ ಕೇಬಲ್ ಜೀವ ಬಂದ ಮೇಲೂ ಪೋರ್ಟ್ ಸುಮಾರು 30 ಸೆಕೆಂಡ್ ಏನನ್ನೂ ಬಿಡುವುದಿಲ್ಲ, 15 ಸೆಕೆಂಡ್ ಕೇಳುವುದು, 15 ಸೆಕೆಂಡ್ ಕಲಿಯುವುದು. ಅಷ್ಟರಲ್ಲಿ ಪಿಎಕ್ಸ್‌ಇ (ನೆಟ್‌ವರ್ಕಿನಿಂದ ಬೂಟ್ ಮಾಡುವ ವ್ಯವಸ್ಥೆ) ಐಪಿ ಸಿಗಲಿಲ್ಲ ಎಂದು ಕೈಬಿಡುತ್ತದೆ. ಕಂಪ್ಯೂಟರ್ ಇರುವ ಪೋರ್ಟ್‌ಗಳಿಗೆಲ್ಲ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿದ ಮೇಲೆ ನಮ್ಮಲ್ಲಿ ಸರಿಹೋಯಿತು. ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ 66, 67 ಆಪ್ಷನ್ (ಬೂಟ್ ಸರ್ವರ್ ಮತ್ತು ಬೂಟ್ ಫೈಲಿನ ಹೆಸರು) ಹಾಕಿದ್ದರೆ ಅದನ್ನೂ ನೋಡಿ. ಹಳೆ ಬಯೋಸ್ ಮತ್ತು ಯುಇಎಫ್‌ಐ ಎರಡೂ ಇರುವಲ್ಲಿ ಎರಡಕ್ಕೂ ಒಂದೇ ಬೂಟ್ ಫೈಲ್ ನಡೆಯುವುದಿಲ್ಲ.

ತೊಗರಿ ಕಣಜ – 8:41

ಅಲ್ಲ ಅಣ್ಣಾ, ಬೂಟ್ ಆಗಿದೆ. ಡಿಸ್ಕ್ ಫಾರ್ಮ್ಯಾಟ್ ಆಗಿ, ಇಮೇಜ್ ಇಳಿದು, ಒಂದು ಸಲ ರೀಸ್ಟಾರ್ಟ್ ಕೂಡ ಆಗಿದೆ. ಅದಾದ ಮೇಲೆ ನಿಂತಿರುವುದು.

ಸುರಪುರದ ಹುಡುಗ (ಯಾದಗಿರಿ ಜಿಲ್ಲೆ) – 8:55

ಡೊಮೇನಿಗೆ (ಕಚೇರಿಯ ಕಂಪ್ಯೂಟರ್, ಬಳಕೆದಾರರನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಗುಂಪು) ಸೇರಿಸುವ ಖಾತೆ ಯಾವುದು? ಸಾಮಾನ್ಯ ಬಳಕೆದಾರನ ಖಾತೆ ಆಗಿದ್ದರೆ, ಬೇರೆ ಅಧಿಕಾರ ಕೊಡದಿದ್ದರೆ, ಅದು 10 ಕಂಪ್ಯೂಟರ್ ಮಾತ್ರ ಸೇರಿಸಬಲ್ಲದು. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ಡೊಮೇನಿನ ಖಾತೆಗಳೆಲ್ಲ ಇರುವ ದಾಖಲೆ) ಮೊದಲಿಂದ ಇರುವ ಮಿತಿ ಅದು. 11ನೆಯದಕ್ಕೆ ಕೈ ಎತ್ತುತ್ತದೆ.

ತೊಗರಿ ಕಣಜ – 9:02

ಇಲ್ಲ ತಮ್ಮಾ, ಹೋದ ತಿಂಗಳು ಇದಕ್ಕೆಂದೇ ಹೊಸ ಖಾತೆ ಮಾಡಿ, ಕಂಪ್ಯೂಟರ್ ಸೇರಿಸುವ ಅಧಿಕಾರ ಬಿಡಿಯಾಗಿ ಕೊಟ್ಟಿದ್ದೇನೆ. 10ರ ಮಿತಿ ಅದಕ್ಕೆ ತಾಗುವುದಿಲ್ಲ.

ಮಲ್ಲಿಗೆ ದಂಡೆ (ಕಲಬುರಗಿ) – 9:20

ಮೊದಲನೆಯದಾಗಿ, ಇನ್ನು ಒಂದನ್ನೂ ಮತ್ತೆ ಮೊದಲಿಂದ ಓಡಿಸಬೇಡಿ. ಫಾರ್ಮ್ಯಾಟ್ ಆದರೆ ಲಾಗ್ ಹೋಗುತ್ತದೆ, ಏನಾಯಿತು ಎಂದು ಹೇಳುವ ಒಂದೇ ಒಂದು ಸಾಕ್ಷಿ ಅದು. ನೀವು ಮತ್ತೆ ಓಡಿಸಿದ ಆ ಎರಡರಲ್ಲಿ ಮೊದಲ ಸಲದ ಕಥೆ ಆಗಲೇ ಅಳಿಸಿಹೋಗಿದೆ.

ಲಾಗ್ ಎಲ್ಲಿದೆ ಎಂಬುದು ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂಬುದರ ಮೇಲೆ ಇದೆ. ಇದನ್ನು ಗೊತ್ತಿಲ್ಲದೆ ಜನ ಖಾಲಿ ಫೋಲ್ಡರ್ ನೋಡಿ ಲಾಗೇ ಇಲ್ಲ ಅನ್ನುತ್ತಾರೆ. ಶುರುವಿನಲ್ಲಿ, ಅಂದರೆ ವಿಂಡೋಸ್ ಪಿಇ (ಹಾಕುವ ಕೆಲಸಕ್ಕೆಂದೇ ಇರುವ ಚಿಕ್ಕ ವಿಂಡೋಸ್) ಓಡುವಾಗ, ಎಲ್ಲವೂ ಎಕ್ಸ್ ಡ್ರೈವಿನಲ್ಲಿ ಇರುತ್ತದೆ. ಅದು ಡಿಸ್ಕ್ ಅಲ್ಲ, ರ‍್ಯಾಮ್. ಕರೆಂಟ್ ಹೋದರೆ ಅದೂ ಹೋಯಿತು. ಆ ಹಂತದಲ್ಲಿ ಎಫ್8 ಒತ್ತಿದರೆ ಕಪ್ಪು ಕಮಾಂಡ್ ಪರದೆ ಬರುತ್ತದೆ, ಅಲ್ಲಿಂದ ನೋಡಬಹುದು. ಡಿಸ್ಕ್ ಫಾರ್ಮ್ಯಾಟ್ ಆದ ಮೇಲೆ ಸಿ ಡ್ರೈವಿನ ಮಿನ್‌ಇಂಟ್ ಫೋಲ್ಡರಿಗೆ ಬರುತ್ತದೆ, ಅಲ್ಲಿ ಬಿಡಿಡಿ ಎಂಬ ಲಾಗ್ ಮುಖ್ಯವಾದದ್ದು. ಎಲ್ಲ ಮುಗಿದ ಮೇಲೆ ಎಂಡಿಟಿ ಆ ಫೋಲ್ಡರ್ ಅಳಿಸಿ, ಲಾಗ್‌ಗಳನ್ನು ವಿಂಡೋಸಿನ ಟೆಂಪ್ ಒಳಗೆ ಡಿಪ್ಲಾಯ್‌ಮೆಂಟ್ ಲಾಗ್ಸ್ ಎಂಬಲ್ಲಿ ಇಡುತ್ತದೆ. ವಿಂಡೋಸ್ ಸೆಟಪ್ ತನ್ನದನ್ನು ಪ್ಯಾಂಥರ್ ಫೋಲ್ಡರಿನಲ್ಲಿ ಬರೆಯುತ್ತದೆ, ಡೊಮೇನ್ ಸೇರುವ ವಿಷಯ ಮಾತ್ರ ವಿಂಡೋಸಿನ ಡಿಬಗ್ ಫೋಲ್ಡರಿನ ನೆಟ್‌ಸೆಟಪ್ ಲಾಗಿನಲ್ಲಿ.

ಎರಡನೆಯದಾಗಿ, "ಲಾಗಿನ್ ಪರದೆ" ಎಂದು ಬರೆದಿದ್ದೀರಿ. ಪರದೆಯ ಮೇಲೆ ಏನೇನು ಇದೆಯೋ ಅಕ್ಷರಕ್ಕೆ ಅಕ್ಷರ ಬರೆಯಿರಿ. ಬಟನ್ ಇದ್ದರೆ ಅದನ್ನೂ.

ತೊಗರಿ ಕಣಜ – 9:38

ಅಕ್ಕಾ, ಮೇಲೆ ನಮ್ಮ ಕಚೇರಿಯ ಹೆಸರು. ಕೆಳಗೆ "ಈ ಕಂಪ್ಯೂಟರ್ ಕಚೇರಿಯ ಕೆಲಸಕ್ಕೆ ಮಾತ್ರ, ಇಲ್ಲಿ ನಡೆಯುವುದೆಲ್ಲ ದಾಖಲಾಗುತ್ತದೆ" ಅನ್ನುವ ಎಚ್ಚರಿಕೆ, ಅದರ ಕೆಳಗೆ ಓಕೆ ಬಟನ್. ಓಕೆ ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ಇದು ದಿನಾ ನೋಡುವ ಪರದೆಯೇ ಆದ್ದರಿಂದ ಮೊದಲು ಬರೆಯಲಿಲ್ಲ.

ಮಲ್ಲಿಗೆ ದಂಡೆ – 9:51

ಸಿಕ್ಕಿತು. ತಡೆದಿರುವುದು ಆ ಎಚ್ಚರಿಕೆಯ ಪರದೆಯೇ.

ಎಂಡಿಟಿ ಕೆಲಸ ಮಾಡುವ ರೀತಿ ಹೀಗೆ. ಇಮೇಜ್ ಇಳಿದು ರೀಸ್ಟಾರ್ಟ್ ಆದ ಮೇಲೆ ಅದು ಸ್ಥಳೀಯ ಅಡ್ಮಿನಿಸ್ಟ್ರೇಟರ್ ಆಗಿ ತಾನಾಗಿಯೇ ಲಾಗಿನ್ ಆಗುತ್ತದೆ. ಹಾಗೆ ಒಳಗೆ ಹೋದ ಮೇಲೆ ಸ್ಟಾರ್ಟಪ್ಪಿನಲ್ಲಿ ಇರುವ ಕೊಂಡಿಯಿಂದ ಉಳಿದ ಹೆಜ್ಜೆಗಳು ಮುಂದುವರಿಯುತ್ತವೆ. ಆದರೆ ಆನ್ಸರ್ ಫೈಲಿನಲ್ಲಿ (ಸೆಟಪ್ಪಿನ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳು) ಡೊಮೇನ್ ಸೇರುವ ಭಾಗ ಇದ್ದರೆ, ಅದು ಇದಕ್ಕೂ ಮೊದಲೇ, ಸೆಟಪ್ಪಿನ ಸ್ಪೆಷಲೈಸ್ ಹಂತದಲ್ಲಿಯೇ ನಡೆದುಹೋಗುತ್ತದೆ. ಡೊಮೇನ್ ಸೇರಿತು ಅಂದರೆ ಮುಂದಿನ ರೀಸ್ಟಾರ್ಟಿಗೇ ಗ್ರೂಪ್ ಪಾಲಿಸಿ (ಡೊಮೇನಿನಿಂದ ಕಂಪ್ಯೂಟರ್‌ಗಳಿಗೆ ಇಳಿಯುವ ನಿಯಮಗಳು) ಬರುತ್ತದೆ. ಪಾಲಿಸಿಯ ಜೊತೆ ಈ ಎಚ್ಚರಿಕೆ ಬರುತ್ತದೆ. ಎಚ್ಚರಿಕೆ ಬಂದರೆ ಯಾರಾದರೂ ಓಕೆ ಒತ್ತುವವರೆಗೆ ತಾನಾಗಿ ಲಾಗಿನ್ ಆಗುವುದು ನಿಲ್ಲುತ್ತದೆ. ರಾತ್ರಿ ಅಲ್ಲಿ ಯಾರಿದ್ದರು ಒತ್ತಲು?

ನಿಮ್ಮ 20 ಕಂಪ್ಯೂಟರ್ ಕೆಟ್ಟಿಲ್ಲ. ಓಕೆ ಒತ್ತಿ, ಬಳಕೆದಾರನ ಹೆಸರಿಗೂ ಮೊದಲು ಚುಕ್ಕಿ ಮತ್ತು ಹಿಂದಕ್ಕೆ ಬಾಗಿದ ಗೀರು (.\) ಹಾಕಿ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಆಗಿ ಒಳಗೆ ಹೋಗಿ. ಪಾಸ್‌ವರ್ಡ್ ಟಾಸ್ಕ್ ಸೀಕ್ವೆನ್ಸಿನಲ್ಲಿ ನೀವೇ ಕೊಟ್ಟದ್ದು. ಉಳಿದ ಕೆಲಸ ಅಲ್ಲಿಂದಲೇ ಮುಂದುವರಿಯಬೇಕು.

ಆದರೆ ನನಗೆ ಈಗ ಆ 20ಕ್ಕಿಂತ ಜಾಸ್ತಿ ಚಿಂತೆ ಮುಗಿದಿವೆ ಅನ್ನುವ 18ರ ಮೇಲೆ. ಅದೇ ಪಾಲಿಸಿ ಅವಕ್ಕೂ ಬರಬೇಕಿತ್ತಲ್ಲ. ಅವು ಹೇಗೆ ನಿಲ್ಲದೆ ಹೋದವು? ಅವು ಡೊಮೇನಿನಲ್ಲಿ ಇವೆಯಾ, ನೋಡಿ.

ತೊಗರಿ ಕಣಜ – 10:25

ಅಕ್ಕಾ, 20ರಲ್ಲಿ ಮೂರಕ್ಕೆ ನೀವು ಹೇಳಿದ ಹಾಗೆ ಮಾಡಿದೆ. ಮೂರೂ ಮುಂದೆ ಹೊರಟವು, ಸಾಫ್ಟ್‌ವೇರ್ ಇಳಿಯುತ್ತಿದೆ.

18ನ್ನೂ ಒಂದೊಂದಾಗಿ ನೋಡಿದೆ. ಒಂದೂ ಡೊಮೇನಿನಲ್ಲಿ ಇಲ್ಲ. ಎಲ್ಲವೂ ವರ್ಕ್‌ಗ್ರೂಪ್ ಅಂತ ತೋರಿಸುತ್ತಿವೆ. ಬಿಳಿ ಪೆಟ್ಟಿಗೆ ನೋಡಿ ಇವು ಮುಗಿದವು ಎಂದು ನಾನು ಅತ್ತ ತಿರುಗಿಯೂ ನೋಡಿರಲಿಲ್ಲ. ನಾಳೆ ಬೆಳಿಗ್ಗೆ ಹೀಗೇ ಬಿಟ್ಟಿದ್ದರೆ 18 ಜನಕ್ಕೂ ಲಾಗಿನ್ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಿಂತ 20ರ ಹೆಸರುಗಳೂ ಕೆಎಲ್‌ಬಿ ಎಂದು ಶುರುವಾಗುತ್ತವೆ. ಮುಗಿದ 18ರಲ್ಲಿ 17ರ ಹೆಸರು ಜಿಎಲ್‌ಬಿ ಎಂದು. ಉಳಿದ ಒಂದು ಮಾತ್ರ ಕೆಎಲ್‌ಬಿ. ನಾನು ಶುಕ್ರವಾರ ಪರೀಕ್ಷೆ ಮಾಡಿದ್ದೂ ಜಿಎಲ್‌ಬಿ ಕಂಪ್ಯೂಟರ್.

ಬಿದರಿ ಹೂಜಿ – 10:33

ಜಿಎಲ್‌ಬಿ ಅಂದರೆ ಗುಲ್ಬರ್ಗಾ ಅಲ್ವಾ? ಊರಿನ ಹೆಸರು 2014ರ ನವೆಂಬರ್ 1ಕ್ಕೇ ಕಲಬುರಗಿ ಆಯಿತು. ಅಷ್ಟು ಹಳೆ ಕಂಪ್ಯೂಟರಿಗೆ ವಿಂಡೋಸ್ 11 ಹೇಗೆ ಹತ್ತುತ್ತದೆ? 8ನೇ ಪೀಳಿಗೆಯ ಇಂಟೆಲ್, ಟಿಪಿಎಂ 2.0 (ಭದ್ರತೆಯ ಚಿಪ್) ಬೇಕಲ್ಲ.

ತೊಗರಿ ಕಣಜ – 10:40

ಯಂತ್ರ ಹೊಸದು ಅಣ್ಣಾ, ಹೆಸರು ಹಳೆಯದು. ಹಳೆಯದು ಕೆಟ್ಟಾಗ ಅದೇ ಮೇಜಿಗೆ ಹೊಸದು ಬರುತ್ತದೆ, ಹೆಸರು ಅದೇ ಮುಂದುವರಿಯುತ್ತದೆ. ಲೆಕ್ಕದ ಸಾಫ್ಟ್‌ವೇರಿನಲ್ಲಿ ಕಂಪ್ಯೂಟರಿನ ಹೆಸರು ಬರೆದಿಟ್ಟಿರುವುದರಿಂದ ಯಾರೂ ಅದನ್ನು ಮುಟ್ಟಿಲ್ಲ. ಈ ಸಲ ಹೊಸ ಮೇಜುಗಳಿಗೆ ನಾನು ಕೆಎಲ್‌ಬಿ ಎಂದು ಇಟ್ಟೆ. ನಮ್ಮ ಊರಿನ ಹೆಸರು ನಮ್ಮ ಕಂಪ್ಯೂಟರಿನ ಮೇಲಾದರೂ ಸರಿಯಾಗಿ ಇರಲಿ ಎಂದು.

ಮಲ್ಲಿಗೆ ದಂಡೆ – 10:58

ಹಾಗಿದ್ದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆ ಒಂದರ ಮೇಲೊಂದು ಕೂತಿವೆ. ಕೆಎಲ್‌ಬಿ ಹೆಸರುಗಳು ಡೈರೆಕ್ಟರಿಗೆ ಹೊಸವು, ಆದ್ದರಿಂದ ಸುಲಭವಾಗಿ ಸೇರಿದವು, ಸೇರಿದ್ದಕ್ಕೇ ಪಾಲಿಸಿ ಬಂದು ನಿಂತವು. ಜಿಎಲ್‌ಬಿ ಹೆಸರುಗಳು ಡೈರೆಕ್ಟರಿಯಲ್ಲಿ ಮೊದಲೇ ಇವೆ, ಅವು ಸೇರಲೇ ಇಲ್ಲ, ಸೇರದ್ದರಿಂದ ತಡೆಯಲು ಪಾಲಿಸಿಯೂ ಬರಲಿಲ್ಲ, ಕೊನೆಯವರೆಗೆ ಓಡಿ ಯಶಸ್ವಿ ಅಂದವು. ನಿಮ್ಮ ಪರೀಕ್ಷೆಯ ಕಂಪ್ಯೂಟರ್ ಕೂಡ ಹಾಗೇ.

ಒಂದು ಜಿಎಲ್‌ಬಿಯ ನೆಟ್‌ಸೆಟಪ್ ಲಾಗ್ ತೆಗೆದು ಕೊನೆಯ ಸಾಲುಗಳನ್ನು ನೋಡಿ. ಸೊನ್ನೆ ಎಕ್ಸ್ ಎಎಸಿ ಎಂದು ಇರಬೇಕು, ಹತ್ತರ ಲೆಕ್ಕದಲ್ಲಿ 2732. ಇದೇ ಹೆಸರಿನ ಖಾತೆ ಇದೆ, ಅದನ್ನು ಮತ್ತೆ ಬಳಸಲು ಭದ್ರತಾ ನೀತಿ ಬಿಡುವುದಿಲ್ಲ ಎಂದು ಅರ್ಥ.

2022ರ ಅಕ್ಟೋಬರ್ 11ರ ಅಪ್‌ಡೇಟಿನಲ್ಲಿ ಮೈಕ್ರೋಸಾಫ್ಟ್ ಇದನ್ನು ತಂದಿತು. ಅದಕ್ಕೂ ಮೊದಲು, ಅಧಿಕಾರ ಇರುವ ಯಾವ ಖಾತೆಯಿಂದಲಾದರೂ ಹಳೆ ಕಂಪ್ಯೂಟರ್ ಖಾತೆಯ ಮೇಲೆ ಹೊಸ ಯಂತ್ರವನ್ನು ಕೂರಿಸಬಹುದಿತ್ತು. ಅದನ್ನೇ ಬಳಸಿ ಒಳಗೆ ನುಗ್ಗುವ ದಾರಿ ಇತ್ತು, ಆದ್ದರಿಂದ ಮುಚ್ಚಿದರು. ಈಗ ಆ ಖಾತೆಯನ್ನು ಮೊದಲು ಮಾಡಿದವರೇ ಸೇರಿಸುತ್ತಿರಬೇಕು, ಇಲ್ಲವೇ ಅದನ್ನು ಮಾಡಿದ್ದು ಡೊಮೇನ್ ಅಡ್ಮಿನ್ ಆಗಿರಬೇಕು. ನಿಮ್ಮ ಜಿಎಲ್‌ಬಿ ಖಾತೆಗಳನ್ನು ಮಾಡಿದ್ದು ಯಾರು?

ತೊಗರಿ ಕಣಜ – 11:20

ಲಾಗಿನಲ್ಲಿ ಅದೇ ಇದೆ ಅಕ್ಕಾ, ಎಎಸಿ. 17ರಲ್ಲೂ ಅದೇ. ಖಾತೆಗಳ ಮಾಲೀಕ ಎಂದು ಹಿಂದಿನ ಗುತ್ತಿಗೆಯವರ ಸಾಮಾನ್ಯ ಖಾತೆ ತೋರಿಸುತ್ತದೆ. ಅವರು ಹೋದ ಮೇಲೆ ಅದನ್ನು ಮುಚ್ಚಿದ್ದೇವೆ.

ಇಷ್ಟು ದೊಡ್ಡ ತಪ್ಪು ಆದ ಮೇಲೂ ಟಾಸ್ಕ್ ಸೀಕ್ವೆನ್ಸ್ ಯಾಕೆ ಯಶಸ್ವಿ ಅನ್ನುತ್ತದೆ?

ಮಲ್ಲಿಗೆ ದಂಡೆ – 11:34

ಡೊಮೇನ್ ಸೇರುವ ಹೆಜ್ಜೆ ವಿಂಡೋಸ್ ಸೆಟಪ್ಪಿನದು, ಎಂಡಿಟಿಯದಲ್ಲ. ಸೇರದಿದ್ದರೂ ಸೆಟಪ್ ಸುಮ್ನೆ ಲಾಗಿನಲ್ಲಿ ಬರೆದು ಮುಂದೆ ಹೋಗುತ್ತದೆ. ಎಂಡಿಟಿಯಲ್ಲಿ ಇದನ್ನು ಮತ್ತೆ ನೋಡಲು "ರಿಕವರ್ ಫ್ರಮ್ ಡೊಮೇನ್" ಎಂಬ ಹೆಜ್ಜೆ ಇದೆ. ನಿಮ್ಮಲ್ಲಿ ಅದು ಆಫ್ ಆಗಿರಬೇಕು.

ತೊಗರಿ ಕಣಜ – 11:37

ಹೌದು, ಆಫ್ ಇದೆ. ನಾನು ಮಾಡಿದ್ದಲ್ಲ, ಮೊದಲಿಂದ ಹಾಗೇ ಇತ್ತು.

ಬಿದರಿ ಹೂಜಿ – 11:45

2732ಕ್ಕೆ ರಿಜಿಸ್ಟ್ರಿಯಲ್ಲಿ ಒಂದು ಸಾಲು ಹಾಕಿದರೆ ಹಳೆ ರೀತಿಯೇ ನಡೆಯುತ್ತದೆ. ನಾನು ಹಾಕಿದ್ದೆ, ಆಗ ಸರಿಹೋಗಿತ್ತು. ಇವತ್ತೇ ಮುಗಿಯಬೇಕಲ್ಲ, ಅದನ್ನೇ ಮಾಡಿ.

ಮಲ್ಲಿಗೆ ದಂಡೆ – 11:56

ಅಣ್ಣಾ, ಆ ಕೀಲಿ ಈಗ ಹತ್ತುವುದಿಲ್ಲ. 2024ರ ಆಗಸ್ಟ್ ಅಪ್‌ಡೇಟಿನಿಂದ ವಿಂಡೋಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೀವು ಮಾಡಿದಾಗ ನಡೆದಿರಬಹುದು, ಇವತ್ತಿನ ಇಮೇಜಿನಲ್ಲಿ ನಡೆಯದು. ನಡೆದಿದ್ದರೂ ನಾನು ಬೇಡ ಅನ್ನುತ್ತಿದ್ದೆ, ಬಾಗಿಲಿಗೆ ಚಿಲಕ ಹಾಕಿದ್ದನ್ನು ಎಲ್ಲ ಕಂಪ್ಯೂಟರಿನಲ್ಲೂ ತೆಗೆದ ಹಾಗೆ ಆಗುತ್ತದೆ.

ಸರಿಯಾದ ದಾರಿ ಎರಡು. 2023ರ ಮಾರ್ಚ್ ಅಪ್‌ಡೇಟಿನಿಂದ ಡೊಮೇನ್ ಕಂಟ್ರೋಲರಿನಲ್ಲಿ (ಡೊಮೇನ್ ನಡೆಸುವ ಸರ್ವರ್) ಒಂದು ಪಾಲಿಸಿ ಬಂದಿದೆ, ಯಾವ ಮಾಲೀಕರ ಖಾತೆಗಳನ್ನು ಮತ್ತೆ ಬಳಸಬಹುದು ಎಂದು ಅಲ್ಲಿ ಪಟ್ಟಿ ಕೊಡಬಹುದು. ನೆನಪಿಡಿ, ಅಲ್ಲಿ ಹಾಕಬೇಕಾದ್ದು ಕಂಪ್ಯೂಟರ್ ಖಾತೆಯ ಮಾಲೀಕರನ್ನು. ಈಗ ಸೇರಿಸುತ್ತಿರುವವರನ್ನು ಹಾಕಿ ಬಹಳ ಜನ ಅಲ್ಲೇ ತಪ್ಪುತ್ತಾರೆ. ನಿಮ್ಮಲ್ಲಿ ಮಾಲೀಕ ಮುಚ್ಚಿದ ಖಾತೆ, ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸುವುದು ಸರಿಯಲ್ಲ.

ಆದ್ದರಿಂದ ಎರಡನೆಯದು. 17 ಹಳೆ ಖಾತೆಗಳನ್ನು ಡೈರೆಕ್ಟರಿಯಿಂದ ಅಳಿಸಿ, ಅದೇ ಹೆಸರಿನಲ್ಲಿ ನಿಮ್ಮ ಹೊಸ ಖಾತೆಯಿಂದ ಸೇರಿಸಿ. ಮತ್ತೆ ಫಾರ್ಮ್ಯಾಟ್ ಬೇಡ, ವಿಂಡೋಸ್ ಚೆನ್ನಾಗಿಯೇ ಕೂತಿದೆ. ಒಳಗೆ ಹೋಗಿ ಡೊಮೇನಿಗೆ ಸೇರಿಸಿ ರೀಸ್ಟಾರ್ಟ್ ಮಾಡಿದರೆ ಸಾಕು. ಅಳಿಸುವ ಮುಂಚೆ ಪ್ರತಿ ಖಾತೆ ಯಾವ ಯಾವ ಗ್ರೂಪಿನಲ್ಲಿ ಇದೆ, ಯಾವ ಓಯುನಲ್ಲಿ (ಡೈರೆಕ್ಟರಿಯ ಒಳಗಿನ ವಿಭಾಗ) ಇದೆ ಎಂದು ಬರೆದಿಟ್ಟುಕೊಳ್ಳಿ. ಪ್ರಿಂಟರ್ ಪಾಲಿಸಿ ಅದರ ಮೇಲೆ ನಿಂತಿದ್ದರೆ ನಾಳೆ ಪ್ರಿಂಟ್ ಬರುತ್ತಿಲ್ಲ ಎಂದು ಎಲ್ಲರೂ ಕೂಗುತ್ತಾರೆ.

ಸುರಪುರದ ಹುಡುಗ – 12:10

ಎಚ್ಚರಿಕೆ ಪರದೆಗೂ ಖಾಯಂ ಆಗಿ ಏನಾದರೂ ಮಾಡಬೇಕಲ್ಲ. ಅದನ್ನೇ ತೆಗೆದರೆ?

ತೊಗರಿ ಕಣಜ – 12:16

ತೆಗೆಯಲು ಆಗುವುದಿಲ್ಲ. ಹೋದ ವರ್ಷ ಆಡಿಟ್‌ನವರು ಬರೆದ ಮೇಲೆಯೇ ಹಾಕಿದ್ದು. ಈಗ ಅರ್ಥವಾಗುತ್ತಿದೆ, ಹಳೆ ಇಮೇಜ್ ಹಾಕುತ್ತಿದ್ದ ಕಾಲದಲ್ಲಿ ಎಚ್ಚರಿಕೆ ಇರಲಿಲ್ಲ, ಆದ್ದರಿಂದ ಆಗ ಎಲ್ಲೂ ನಿಲ್ಲುತ್ತಿರಲಿಲ್ಲ.

ಸುರಪುರದ ಹುಡುಗ – 12:28

ಹಾಗಾದರೆ ಬೇರೆ ಒಂದು ಓಯು ಮಾಡಿ, ಪಾಲಿಸಿ ಇಳಿಯದ ಹಾಗೆ ಬ್ಲಾಕ್ ಇನ್ಹೆರಿಟೆನ್ಸ್ ಹಾಕಿ. ಎಂಡಿಟಿಯ ಕಸ್ಟಮ್ ಸೆಟ್ಟಿಂಗ್ಸ್ ಫೈಲಿನಲ್ಲಿ ಆ ಓಯು ಹೆಸರು ಕೊಟ್ಟರೆ ಹೊಸ ಕಂಪ್ಯೂಟರ್ ಮೊದಲು ಅಲ್ಲಿಗೆ ಬರುತ್ತದೆ. ಎಲ್ಲ ಮುಗಿದ ಮೇಲೆ ಅದರ ಸ್ವಂತ ಓಯುಗೆ ಸರಿಸಿ. ನಾವು ಹೀಗೇ ಮಾಡುತ್ತೇವೆ.

ತೊಗರಿ ಕಣಜ – 1:05

ತಮ್ಮಾ, ಓಯು ಮಾಡಿ ಒಂದರಲ್ಲಿ ನೋಡಿದೆ, ಆದರೂ ಎಚ್ಚರಿಕೆ ಬಂತು. ನಮ್ಮ ಪಾಲಿಸಿ ಡೊಮೇನಿನ ಮೇಲ್ಮಟ್ಟದಲ್ಲಿ ಎನ್‌ಫೋರ್ಸ್ (ಕಡ್ಡಾಯ) ಆಗಿದೆ. ಎನ್‌ಫೋರ್ಸ್ ಆದದ್ದನ್ನು ಬ್ಲಾಕ್ ತಡೆಯುವುದಿಲ್ಲ ಎಂದು ಈಗ ಓದಿದೆ.

ಮಲ್ಲಿಗೆ ದಂಡೆ – 1:22

ಹೌದು, ತಡೆಯುವುದಿಲ್ಲ. ಹಾಗಿದ್ದಲ್ಲಿ ಡೊಮೇನ್ ಸೇರುವುದನ್ನೇ ಕೊನೆಗೆ ತಳ್ಳಿ. ಆ ಟಾಸ್ಕ್ ಸೀಕ್ವೆನ್ಸಿನ ಆನ್ಸರ್ ಫೈಲ್ ತೆರೆದು ಅನಟೆಂಡೆಡ್ ಜಾಯಿನ್ ಎಂಬ ಭಾಗವನ್ನು ಪೂರ್ತಿ ಅಳಿಸಿ. ಆಮೇಲೆ ಎಲ್ಲಕ್ಕಿಂತ ಕೊನೆಯ ಹೆಜ್ಜೆಯಾಗಿ ಡೊಮೇನಿಗೆ ಸೇರಿಸುವ ಚಿಕ್ಕ ಪವರ್‌ಶೆಲ್ ಸ್ಕ್ರಿಪ್ಟ್ ಇಡಿ, ಅದು ರೀಸ್ಟಾರ್ಟ್ ಮಾಡಬಾರದು. ರೀಸ್ಟಾರ್ಟ್ ಮಾಡುವುದನ್ನು ಫಿನಿಶ್ ಆ್ಯಕ್ಷನ್‌ಗೆ (ಎಲ್ಲ ಮುಗಿದ ಮೇಲೆ ಎಂಡಿಟಿ ಮಾಡುವ ಕೊನೆಯ ಕೆಲಸ) ಬಿಡಿ, ಅಷ್ಟರಲ್ಲಿ ಎಂಡಿಟಿ ತನ್ನ ಲಾಗಿನ್ ಗುರುತುಗಳನ್ನೆಲ್ಲ ಅಳಿಸಿರುತ್ತದೆ. ಆಗ ಎಚ್ಚರಿಕೆ ಬಂದರೂ ಅದರ ಹಿಂದೆ ಕಾಯುವ ಕೆಲಸ ಯಾವುದೂ ಇರುವುದಿಲ್ಲ. ರಿಕವರ್ ಫ್ರಮ್ ಡೊಮೇನ್ ಹೆಜ್ಜೆಯನ್ನೇ ಕೊನೆಗೆ ಇಡೋಣ ಅನ್ನಿಸಬಹುದು, ಬೇಡ, ಅದು ಸೇರಿಸಿದ ಮೇಲೆ ತಾನೇ ರೀಬೂಟ್ ಕೇಳುತ್ತದೆ, ಮತ್ತೆ ಅದೇ ಪರದೆಗೆ ಬಂದು ನಿಲ್ಲುತ್ತೀರಿ. ಸ್ಕ್ರಿಪ್ಟ್ ಸೇರಿಸಲು ಆಗದಿದ್ದರೆ ತಪ್ಪು ಎಂದು ಹೇಳಿ ನಿಲ್ಲುವಂತೆ ಬರೆಯಿರಿ, ಈ ಸಲದ ಹಾಗೆ ಬಿಳಿ ಪೆಟ್ಟಿಗೆ ಬರಬಾರದು.

ಇನ್ನೊಂದು. ಸೇರಿಸುವ ಖಾತೆಯ ಪಾಸ್‌ವರ್ಡ್ ಆ ಫೈಲುಗಳಲ್ಲಿ ತೆರೆದ ಅಕ್ಷರದಲ್ಲಿ ಇರುತ್ತದೆ. ಶೇರ್ ನೋಡಬಲ್ಲವರೆಲ್ಲ ಓದಬಹುದು. ನೀವು ಬಿಡಿ ಅಧಿಕಾರದ ಖಾತೆ ಮಾಡಿದ್ದು ತುಂಬ ಒಳ್ಳೆಯ ಕೆಲಸ. ಬೇಗ ಮುಗಿಯಲಿ ಎಂದು ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಮಾತ್ರ ಯಾರೂ ಅಲ್ಲಿ ಬರೆಯಬೇಡಿ.

ತೊಗರಿ ಕಣಜ – ಸಂಜೆ 5:40

20ಕ್ಕೂ ಕೈಯಿಂದ ಲಾಗಿನ್ ಮಾಡಿದೆ, ಎಲ್ಲ ಪೂರ್ತಿ ಮುಗಿದವು. 17 ಜಿಎಲ್‌ಬಿಗಳ ಗ್ರೂಪ್ ಬರೆದಿಟ್ಟುಕೊಂಡು, ಖಾತೆ ಅಳಿಸಿ, ಹೊಸದಾಗಿ ಸೇರಿಸಿದೆ. ಮಧ್ಯೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ತಡೆಯಿತು.

ಉಳಿದದ್ದು ಆ ಒಂದು ಕೆಎಲ್‌ಬಿ. ಹೆಸರು ಹೊಸದು, ಹಳೆ ಖಾತೆ ಇಲ್ಲ, ಆದರೂ ಸೇರಿಲ್ಲ. ಇಷ್ಟು ಹೊತ್ತು ಸರಿಯಾಗಿ ಕೂತ ಲೆಕ್ಕ ಈ ಒಂದರಲ್ಲಿ ತಪ್ಪುತ್ತಿದೆ. ಲಾಗಿನಲ್ಲಿ ಸೊನ್ನೆ ಎಕ್ಸ್ 576 ಎಂದಿದೆ.

ಬಿದರಿ ಹೂಜಿ – 5:48

ಇದು ನನಗೆ ಗೊತ್ತು. ಹತ್ತರ ಲೆಕ್ಕದಲ್ಲಿ 1398, ಸಮಯದ ವ್ಯತ್ಯಾಸ. ಆ ಕಂಪ್ಯೂಟರಿನ ತಾರೀಖು ನೋಡಿ ಅಣ್ಣಾ. ಡೊಮೇನಿನ ಗಡಿಯಾರಕ್ಕೂ ಇದಕ್ಕೂ 5 ನಿಮಿಷಕ್ಕಿಂತ ಜಾಸ್ತಿ ಅಂತರ ಇದ್ದರೆ ಕರ್ಬೆರಾಸ್ (ಡೊಮೇನಿನಲ್ಲಿ ಗುರುತು ಪರೀಕ್ಷಿಸುವ ವ್ಯವಸ್ಥೆ) ಒಪ್ಪುವುದಿಲ್ಲ.

ತೊಗರಿ ಕಣಜ – 5:55

2018ರ ಜನವರಿ 1 ತೋರಿಸುತ್ತಿದೆ!

ಬಿದರಿ ಹೂಜಿ – 6:01

ಬೋರ್ಡಿನ ಮೇಲಿನ ಗುಂಡು ಸೆಲ್ ಸತ್ತಿದೆ, ಸಿಆರ್ 2032. ಕಚೇರಿಯಲ್ಲಿ ಸಂಜೆ ಹೋಗುವಾಗ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುವ ರೂಢಿ ಇದ್ದರೆ ಇದು ಬೇಗ ಆಗುತ್ತದೆ, ಏಕೆಂದರೆ ಕರೆಂಟ್ ಇರುವಾಗ ಗಡಿಯಾರಕ್ಕೆ ಬೋರ್ಡಿನಿಂದ ಜೀವ ಸಿಗುತ್ತದೆ, ಇಲ್ಲದಾಗ ಆ ಸೆಲ್ ಒಂದೇ ಗತಿ. ಕೈಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಹಾಕಿದ ಮೇಲೆ ಬಯೋಸಿಗೆ ಹೋಗಿ ತಾರೀಖು ಸರಿಮಾಡಿ, ಡಿಸ್ಕಿನ ಮೋಡ್ ಬದಲಾಗಿದೆಯಾ ಎಂದೂ ನೋಡಿ. ಸೆಲ್ ಸತ್ತಾಗ ಬಯೋಸ್ ಕೆಲವು ಸಲ ಮೊದಲಿನ ಸೆಟ್ಟಿಂಗಿಗೆ ಹೋಗಿರುತ್ತದೆ.

ತೊಗರಿ ಕಣಜ – ರಾತ್ರಿ 8:15

ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿ ತೆರೆದಿತ್ತು, ಸೆಲ್ ತಂದು ಹಾಕಿದೆ. ತಾರೀಖು ಸರಿಮಾಡಿದ ಮೇಲೆ ಒಂದೇ ಸಲಕ್ಕೆ ಸೇರಿತು. 38ಕ್ಕೆ 38. ಪ್ರತಿಯೊಂದರಲ್ಲೂ ಸಾಮಾನ್ಯ ಸಿಬ್ಬಂದಿಯ ಖಾತೆಯಿಂದ ಲಾಗಿನ್ ಮಾಡಿ ನೋಡಿದ್ದೇನೆ, ಈ ಸಲ ಪೆಟ್ಟಿಗೆಯನ್ನು ನಂಬಲಿಲ್ಲ.

ಅಕ್ಕಾ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಆ 18ನ್ನು ನೋಡಿ ಎಂದು ನೀವು ಹೇಳದಿದ್ದರೆ ನಾನು 20ನ್ನು ಮುಗಿಸಿ ಮನೆಗೆ ಹೋಗುತ್ತಿದ್ದೆ.

ಮುಂದಿನ ಶನಿವಾರ ಯಾದಗಿರಿ ಶಾಖೆಯ 9 ಲ್ಯಾಪ್‌ಟಾಪ್ ಇವೆ. ಅವೂ ಜಿಎಲ್‌ಬಿಯೇ. ಯಾದಗಿರಿ ಜಿಲ್ಲೆ ಆಗಿ 2009ರಿಂದ ಇಷ್ಟು ವರ್ಷ ಆದರೂ ಹೆಸರು ಹಾಗೇ ಇದೆ. ಅವುಗಳ ಖಾತೆಯನ್ನು ಇವತ್ತೇ ಅಳಿಸಿಬಿಡಲಾ?

ಮಲ್ಲಿಗೆ ದಂಡೆ – 8:31

ಬೇಡ, ನಿಲ್ಲಿ! ಆ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಬೀಗ) ಇದೆಯಾ? ಇದ್ದರೆ ರಿಕವರಿ ಕೀ ಡೈರೆಕ್ಟರಿಯಲ್ಲಿ ಆ ಕಂಪ್ಯೂಟರ್ ಖಾತೆಯ ಒಳಗೇ ಇರಬಹುದು. ಖಾತೆ ಅಳಿಸಿದರೆ ಕೀ ಕೂಡ ಅದರ ಜೊತೆ ಹೋಗುತ್ತದೆ. ಇವತ್ತಿನ 17ರಲ್ಲಿ ಡಿಸ್ಕ್ ಮೊದಲೇ ಫಾರ್ಮ್ಯಾಟ್ ಆಗಿದ್ದರಿಂದ ಹಳೆ ಕೀ ಬೇಕಿರಲಿಲ್ಲ. ಇವು ಇನ್ನೂ ಒಂದು ವಾರ ಜನರ ಕೈಯಲ್ಲಿ ಓಡಾಡುವ ಯಂತ್ರಗಳು, ಒಳಗೆ ಅವರ ಫೈಲುಗಳಿವೆ. ಖಾತೆ ಹೋದರೆ ನಾಳೆಯಿಂದ ಡೊಮೇನ್ ಲಾಗಿನ್ನಿಗೂ ತೊಂದರೆ ಬರುತ್ತದೆ. ಮೊದಲು ಫೈಲ್ ಬ್ಯಾಕಪ್, ಆಮೇಲೆ ಶನಿವಾರ ಫಾರ್ಮ್ಯಾಟ್ ಆದ ಮೇಲೆಯೇ ಒಂದೊಂದರ ಖಾತೆ ಅಳಿಸಿ.

ಸುರಪುರದ ಹುಡುಗ – 8:40

ಲ್ಯಾಪ್‌ಟಾಪ್ 11ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದಾಗಿದ್ದರೆ ಇನ್ನೊಂದು ನೋಡಿಕೊಳ್ಳಿ ಅಣ್ಣಾ. ಬಯೋಸಿನಲ್ಲಿ ವಿಎಂಡಿ (ಇಂಟೆಲ್‌ನ ಡಿಸ್ಕ್ ನಿಯಂತ್ರಣ) ಆನ್ ಇದ್ದರೆ ವಿಂಡೋಸ್ ಪಿಇಗೆ ಡಿಸ್ಕೇ ಕಾಣುವುದಿಲ್ಲ. ಇಂಟೆಲ್ ಸ್ಟೋರೇಜ್ ಡ್ರೈವರ್ ಅನ್ನು ಬೂಟ್ ಇಮೇಜಿಗೆ ಮೊದಲೇ ಸೇರಿಸಿಟ್ಟರೆ ಅಲ್ಲಿ ನಿಲ್ಲುವುದಿಲ್ಲ. ನಾನು ಶನಿವಾರ ಯಾದಗಿರಿಯಲ್ಲೇ ಇರುತ್ತೇನೆ, ಬೇಕಾದರೆ ಬರುತ್ತೇನೆ.

ತೊಗರಿ ಕಣಜ – 8:52

ಬಿಟ್‌ಲಾಕರ್ ಇದೆ ಅಕ್ಕಾ, ಈಗ ನೋಡಿದೆ, 9ರ ಕೀಗಳೂ ಖಾತೆಯ ಒಳಗೇ ಇವೆ. ಒಂದನ್ನೂ ಮುಟ್ಟುವುದಿಲ್ಲ. ತಮ್ಮಾ, ಶನಿವಾರ ಖಂಡಿತ ಬನ್ನಿ, ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಅಲ್ಲಿಗೆ ಹೊರಡುತ್ತೇನೆ. ಎರಡು ಗುಂಡು ಸೆಲ್ ಜಾಸ್ತಿಯೇ ತಂದಿದ್ದೇನೆ, ಅವನ್ನೂ ಚೀಲಕ್ಕೆ ಹಾಕಿಕೊಂಡೆ.